ಹನುಮಂತಮ್ಮನ ಮೂರು ನಿಮಿಷ

ರಾಷ್ಟ್ರಪತಿಗಳು ಹಿರೇಕಣಿವೆಗೆ ಬರುತ್ತಾರೆಂಬ ಸುದ್ದಿ ತರೀಕೆರೆಯ ತಾಲ್ಲೂಕು ಕಛೇರಿಗೆ ತಲುಪಿದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಜನವರಿ ತಿಂಗಳ ಒಂದು ಬೆಳಿಗ್ಗೆ. ಅಜ್ಜಂಪುರದಾಚೆಯ ಆ ಹಳ್ಳಿಯವರು ತಾವೇ ಸೇರಿ ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದ್ದರು. ಅದರ ಉದ್ಘಾಟನೆಗೆ ರಾಷ್ಟ್ರಪತಿಗಳು ಒಪ್ಪಿದ್ದರು. ಹೆಲಿಕಾಪ್ಟರಿನಲ್ಲಿ ಕಡೂರಿಗೆ ಬಂದಿಳಿಯುವುದು, ಅಲ್ಲಿಂದ ಕಾರಿನಲ್ಲಿ ಬೀರೂರಿನ ಮೇಲೆ ಹಿರೇಕಣಿವೆಗೆ, ಆಮೇಲೆ ತರೀಕೆರೆಯ ಪ್ರವಾಸಿ ಮಂದಿರದಲ್ಲಿ ಊಟ. ಇಷ್ಟು ದೆಹಲಿಯಲ್ಲೇ ತೀರ್ಮಾನವಾಗಿತ್ತು. ಉಳಿದದ್ದನ್ನು ನಿಮಿಷ ನಿಮಿಷಕ್ಕೆ ಬಿಡಿಸಿ ಇಲ್ಲಿಂದ ಪಟ್ಟಿ ಬರೆದು ಕಳಿಸಬೇಕಾಗಿತ್ತು.

ಆ ಕೆಲಸ ಗಂಗಾಧರಯ್ಯನ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷ ಸರ್ವೀಸು ಮಾಡಿದ ಗುಮಾಸ್ತ ಅವನು. ಅವನು ಟೈಪ್ ಮಾಡಿದ ಕಾಗದದಲ್ಲಿ ಒಂದು ಅಕ್ಷರವೂ ತಿದ್ದಿದ್ದು ಕಾಣುತ್ತಿರಲಿಲ್ಲ. ತಹಸೀಲ್ದಾರರು ಓದದೆಯೇ ಸಹಿ ಹಾಕುತ್ತಿದ್ದರು. ದೆಹಲಿಯ ಪತ್ರದಲ್ಲಿ ಮೂರು ಸೂಚನೆಗಳಿದ್ದವು. ರಾಷ್ಟ್ರಪತಿಗಳಿಗಾಗಿ ಜನರು ಓಡಾಡುವ ರೈಲನ್ನು ಎಲ್ಲಿಯೂ ನಿಲ್ಲಿಸಬಾರದು. ಅವರಿಗೆ ಮಂಡಿನೋವಿದೆ, ನಿಧಾನವಾಗಿ ನಡೆಯುತ್ತಾರೆ. ಆದ್ದರಿಂದ ಅಂಥದೇ ನಡಿಗೆಯ ಒಬ್ಬ ವಯಸ್ಸಾದವರನ್ನು ನಡೆಸಿ, ಕೂರಿಸಿ, ಎಬ್ಬಿಸಿ ಸಮಯ ಅಳೆಯಬೇಕು. ಮೂರನೆಯದು, ಊರಿನ ಬಡವರ ಕೇರಿಯ ಹೆಂಗಸರ ಜೊತೆ ಅವರು ಮೂರು ನಿಮಿಷ ಮಾತಾಡಬೇಕೆಂದಿದ್ದಾರೆ, ಅದಕ್ಕೆ ಅವಕಾಶವಿರಬೇಕು.

ಗಂಗಾಧರಯ್ಯ ಹದಿನೈದು ದಿನ ಕೈಗಡಿಯಾರ ನೋಡುತ್ತಲೇ ಬದುಕಿದ. ಬೀರೂರಿನಿಂದ ಹಿರೇಕಣಿವೆಗೆ ಮೂರು ಸಲ ಜೀಪಿನಲ್ಲಿ ಹೋಗಿ ಬಂದ. ತರೀಕೆರೆಯ ದಾರಿಯಲ್ಲಿ ಅಡ್ಡ ಬರುವ ರೈಲ್ವೆ ಗೇಟಿನಲ್ಲಿ ಕೂತು, ಪ್ಯಾಸೆಂಜರ್ ಗಾಡಿ ಎಷ್ಟು ಹೊತ್ತಿಗೆ ದಾಟುತ್ತದೆಂದು ಮೂರು ದಿನ ಬರೆದುಕೊಂಡ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಗೇಟು ಬೀಳುತ್ತಿತ್ತು. ಹಾಗಾಗಿ ಹನ್ನೊಂದೂ ಮುಕ್ಕಾಲಿಗೆ ರಾಷ್ಟ್ರಪತಿಗಳ ಕಾರು ಹಿರೇಕಣಿವೆ ಬಿಡಲೇಬೇಕು ಎಂದಾಯಿತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ, ಹೆಂಗಸರ ಭೇಟಿ ಹನ್ನೊಂದು ನಲವತ್ತಕ್ಕೆ, ಎಲ್ಲಕ್ಕಿಂತ ಕೊನೆಗೆ ಬಂತು.

ಕೇರಿಯವರು ಮಾತಾಡಲು ಆರಿಸಿದ್ದು ಹನುಮಂತಮ್ಮನನ್ನು. ಅವಳು ಕಛೇರಿಯ ಜವಾನ ಜವರಯ್ಯನ ಅಕ್ಕ. ಗಂಗಾಧರಯ್ಯ ಒಂದು ಮಧ್ಯಾಹ್ನ ಕೇರಿಗೆ ಹೋಗಿ, ಬೇವಿನ ಮರದ ಕೆಳಗೆ ನಿಂತು, ಅವಳಿಂದ ಮಾತು ಹೇಳಿಸಿದ. ಅವರ ಕೇರಿಗೆ ಕುಡಿಯುವ ನೀರಿರಲಿಲ್ಲ. ಕೆರೆಯಿಂದ ಹೊತ್ತು ತರಬೇಕಾಗಿತ್ತು. ಹನುಮಂತಮ್ಮ ತನ್ನ ಅತ್ತೆಯ ಕಾಲದಿಂದ ಶುರುಮಾಡಿ, ನಡುವೆ ಎರಡು ಸಲ ಕಣ್ಣೊರೆಸಿಕೊಂಡು, ಮುಗಿಸುವ ಹೊತ್ತಿಗೆ ಎಂಟು ನಿಮಿಷವಾಗಿತ್ತು.

“ನಮಸ್ಕಾರ, ಹಾರ ಎಲ್ಲಾ ಆಗಿ ನಿಮ್ಮ ಮಾತಿಗೆ ಉಳಿಯೋದು ಒಂದು ನಿಮಿಷ ಕಣಮ್ಮ,” ಎಂದ ಗಂಗಾಧರಯ್ಯ. “ಹಳೇದೆಲ್ಲ ಬಿಟ್ಬಿಡಿ.”

“ಎಲ್ಲಾ ಬಿಡ್ತೀನಿ ಬುದ್ಧಿ. ನನ್ನ ಸೊಸೆ ಬಸುರಿ, ನೀರು ಹೊತ್ಕಂಡು ಕೆರೆ ಏರಿ ಇಳಿಯೋವಾಗ ಜಾರಿಬಿದ್ಲು. ಏಳು ತಿಂಗಳ ಕೂಸು ಹೋಯ್ತು. ಅದನ್ನೂ ಬಿಡ್ಬೇಕಾ?”

ಗಂಗಾಧರಯ್ಯ ಗಡಿಯಾರದಿಂದ ಕಣ್ಣು ತೆಗೆದ. “ಬೇಡ. ಅದು ಇರಲಿ,” ಎಂದ.

ನಾಲ್ಕು ದಿನದಲ್ಲಿ ಅವಳು ಆ ಮಾತನ್ನು ಒಂದು ನಿಮಿಷ ಹತ್ತು ಸೆಕೆಂಡಿಗೆ ತಂದಳು. ಮಿಕ್ಕ ಹತ್ತು ಸೆಕೆಂಡನ್ನು ಅವನು ಸ್ವಾಗತಗೀತೆಯಿಂದ ಕತ್ತರಿಸಿದ. ಬೇಡಿಕೆಯನ್ನು ತಾನೇ ಅರ್ಜಿಯಾಗಿ ಟೈಪ್ ಮಾಡಿಕೊಟ್ಟ. ಹದಿನೇಳು ಹೆಂಗಸರು ಹೆಬ್ಬೆಟ್ಟು ಒತ್ತಿದರು.

ಉದ್ಘಾಟನೆಗೆ ಎರಡು ದಿನ ಮೊದಲು ಪೂರ್ವಾಭ್ಯಾಸ. ರಾಷ್ಟ್ರಪತಿಗಳ ಜಾಗದಲ್ಲಿ ನಡೆಯಲು ಯಾರು ಎಂದಾಗ ತಹಸೀಲ್ದಾರರು ಯೋಚನೆಯನ್ನೇ ಮಾಡಲಿಲ್ಲ. “ನಮ್ಮ ಜವರಯ್ಯ ಇದಾನಲ್ಲ,” ಎಂದರು. ಜವರಯ್ಯನಿಗೆ ಐವತ್ತೇಳು ವರ್ಷ. ಟಪಾಲು ತರುವಾಗ ಸೈಕಲ್ಲಿನಿಂದ ಬಿದ್ದು ಅವನ ಬಲಮಂಡಿ ಹೋಗಿತ್ತು. ಆವತ್ತು ಅವನು ಒಗೆದ ಬಿಳಿ ಪಂಚೆ ಉಟ್ಟು, ಜವಾನನ ಬಿಲ್ಲೆ ತೆಗೆದ ಕೋಟು ಹಾಕಿಕೊಂಡು ಬಂದಿದ್ದ.

ಜೀಪು ಚಪ್ಪರದ ಮುಂದೆ ನಿಂತಿತು. ಜವರಯ್ಯ ಇಳಿದ. ಪೊಲೀಸರು ಸೆಲ್ಯೂಟ್ ಹೊಡೆದರು. ಅವನು ತಲೆ ತಗ್ಗಿಸದೆ, ಯಾರ ಮುಖವನ್ನೂ ನೋಡದೆ ನಿಧಾನವಾಗಿ ನಡೆದ. ಗಂಗಾಧರಯ್ಯ ಗಡಿಯಾರ ಹಿಡಿದು ಪಕ್ಕದಲ್ಲೇ ನಡೆದ. ಜೀಪಿನಿಂದ ವೇದಿಕೆಗೆ ಒಂದು ನಿಮಿಷ ಐವತ್ತು ಸೆಕೆಂಡು. ಮೆಟ್ಟಿಲು ಹತ್ತಲು ನಲವತ್ತು. ವೇದಿಕೆಯ ನಡುವೆ ಮಖಮಲ್ಲು ಹೊದಿಸಿದ ಅಗಲವಾದ ಕುರ್ಚಿಯಿತ್ತು. ಜವರಯ್ಯ ಅದರ ಹತ್ತಿರ ಹೋಗಿ ತಿರುಗಿ ನಿಂತ.

“ಅಲ್ಲಿಗೆ ಸಾಕು,” ಎಂದು ಕೆಳಗಿನಿಂದ ದನಿ ಬಂತು.

ಸ್ವಾಗತ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಪ್ಪ. ಆಸ್ಪತ್ರೆಗೆ ಜಾಗ ಕೊಟ್ಟವನು ಅವನೇ, ಕುರ್ಚಿಯೂ ಅವನ ಮನೆಯದು. ಗಂಗಾಧರಯ್ಯನ ಹೆಂಡತಿಗೆ ಸೋದರಮಾವ. ಅವನು ವೇದಿಕೆಗೆ ಬಂದು, ಗಂಗಾಧರಯ್ಯನನ್ನು ಒಂದು ಬದಿಗೆ ಕರೆದ.

“ಏನಪ್ಪಾ ಇದು? ನಮ್ಮಪ್ಪ ಕೂತ್ಕಂತಿದ್ದ ಕುರ್ಚಿ. ರಾಷ್ಟ್ರಪತಿಗಳು ಕೂರ್ಲಿ ಅಂತ ಕೊಟ್ಟಿದೀನಿ. ಇವನನ್ನ ಕೂರಿಸ್ತೀಯಾ?”

“ಕೂತು ಏಳೋ ಹೊತ್ತು ಅಳೀಬೇಕು ಮಾವ. ದೆಹಲಿಯಿಂದ ಬರೆದಿದಾರೆ.”

“ಅಳೀದೇ ಇದ್ರೆ ಆಕಾಶ ಬೀಳ್ತದಾ? ನಾಳೆ ಈ ಊರಲ್ಲಿ ನಾನು ತಲೆ ಎತ್ಕಂಡು ಓಡಾಡ್ಬೇಕು ಕಣಯ್ಯ.”

ಎಲ್ಲರೂ ನೋಡುತ್ತಿದ್ದರು. ಜವರಯ್ಯನಿಗೂ ಮಾತು ಕೇಳಿಸುತ್ತಿತ್ತು. ಅವನು ಕುರ್ಚಿಯ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಗಂಗಾಧರಯ್ಯ ಗಡಿಯಾರ ನೋಡಿದ. “ಆಗಲಿ, ಕೂತಂಗೇ ಅಂದ್ಕೊಳೋಣ,” ಎಂದ. ಕೂರಲು ಅರ್ಧ ನಿಮಿಷ, ಏಳಲು ಅರ್ಧ ನಿಮಿಷ ಎಂದು ಬರೆದುಕೊಂಡ.

ಪ್ರಾರ್ಥನೆ, ಸ್ವಾಗತ, ವರದಿ, ಭಾಷಣ ಎಲ್ಲವನ್ನೂ ಪೂರ್ತಿ ನಡೆಸಿ ಅಳೆಯಬೇಕಾಗಿತ್ತು. ಮೂವತ್ತೆರಡು ನಿಮಿಷ. ಅಷ್ಟು ಹೊತ್ತೂ ಜವರಯ್ಯ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದ. ನಡುನಡುವೆ ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕುತ್ತಿದ್ದ. ಅವನಿಗೊಂದು ಸ್ಟೂಲು ಕೊಡಿ ಎಂದು ಯಾರೂ ಹೇಳಲಿಲ್ಲ.

ಹಿಂದಿರುಗುವಾಗ ಜೀಪಿನ ಹಿಂಬದಿಯಿಂದ ಜವರಯ್ಯ ಹೇಳಿದ: “ಬುದ್ಧಿ, ಆ ಕುರ್ಚಿ ಹೊತ್ತು ತಂದು ಮೇಲಿಟ್ಟೋನು ನಾನೇ. ಮೆತ್ತೆ ಕೆಳಗಿನ ಪಟ್ಟಿ ಸಡ್ಲಾಗ್ಯದೆ, ಕೈ ಇಟ್ರೆ ಕೆಳಕ್ಕೋಯ್ತದೆ. ಮಂಡಿನೋವಿರೋರು ಕೂತ್ರೆ ಏಳೋಕಾಗಲ್ಲ. ಯಾರ್ನಾದ್ರೂ ಒಂದ್ಸಲ ಕೂರಿಸಿ ನೋಡಿ.”

“ನೋಡೋಣ,” ಎಂದ ಗಂಗಾಧರಯ್ಯ.

ನೋಡಲಿಲ್ಲ. ನೋಡಬೇಕಾದರೆ ಪೂರ್ವಾಭ್ಯಾಸದಲ್ಲೇ ಯಾಕೆ ನೋಡಲಿಲ್ಲವೆಂಬ ಮಾತು ಬರುತ್ತಿತ್ತು. ಸಮಯದ ಪಟ್ಟಿ ಆ ಸಂಜೆಯೇ ತಂತಿಯ ಮೂಲಕ ದೆಹಲಿಗೂ ಹೋಗಿತ್ತು, ಜಿಲ್ಲಾಧಿಕಾರಿಗಳಿಗೂ ಹೋಗಿತ್ತು.

ಉದ್ಘಾಟನೆಯ ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ಹೆಲಿಕಾಪ್ಟರ್ ಕಡೂರಿನಲ್ಲಿ ಹೇಳಿದ ಹೊತ್ತಿಗೆ ಇಳಿಯಿತು. ಕಾರುಗಳು ಹನ್ನೊಂದಕ್ಕೆ ಸರಿಯಾಗಿ ಚಪ್ಪರದ ಮುಂದೆ ನಿಂತವು. ಸುತ್ತಲ ಹಳ್ಳಿಗಳ ಜನ ಮರ ಹತ್ತಿ ಕೂತಿದ್ದರು. ರಾಷ್ಟ್ರಪತಿಗಳು ಟೇಪು ಕತ್ತರಿಸಿ, ವೇದಿಕೆಗೆ ಬಂದು ಕುರ್ಚಿಯಲ್ಲಿ ಕೂತರು. ಕೂತ ಕೂಡಲೇ ಅವರ ಮಂಡಿ ಸೊಂಟಕ್ಕಿಂತ ಮೇಲಕ್ಕೆ ಬಂದದ್ದು ವೇದಿಕೆಯ ಮೂಲೆಯಲ್ಲಿದ್ದ ಗಂಗಾಧರಯ್ಯನಿಗೆ ಕಂಡಿತು.

ಭಾಷಣಕ್ಕೆ ಕರೆದಾಗ ಅವರಿಗೆ ಏಳಲಾಗಲಿಲ್ಲ. ಮೈಕನ್ನೇ ತರಿಸಿಕೊಂಡು ಕೂತೇ ಮಾತಾಡಿದರು. ಜನ ಅದನ್ನು ದೊಡ್ಡವರ ರೀತಿ ಎಂದುಕೊಂಡರು. ಆದರೆ ರಾಷ್ಟ್ರಗೀತೆಗೆ ಏಳಲೇಬೇಕಾಗಿತ್ತು. ಅವರು ಕೈಗಳ ಮೇಲೆ ಭಾರ ಹಾಕಿ ಎದ್ದರು, ಅರ್ಧಕ್ಕೆ ಮತ್ತೆ ಕುಸಿದರು. ಮುಖದಲ್ಲಿ ನೋವು ಕಂಡಿತು. ಇಬ್ಬರು ಅಧಿಕಾರಿಗಳು ಓಡಿಬಂದು ತೋಳಿಗೆ ಕೈಕೊಟ್ಟರು. ಅವರು ಬೇಡವೆಂದು ಕೈಯಾಡಿಸಿ, ಇನ್ನೊಮ್ಮೆ ತಾವೇ ಪ್ರಯತ್ನಪಟ್ಟರು. ಅದೂ ಆಗಲಿಲ್ಲ. ಸಾವಿರಾರು ಜನ ನೋಡುತ್ತಾ ನಿಂತಿದ್ದರು. ಕಡೆಗೆ ಎತ್ತಿ ನಿಲ್ಲಿಸಿ, ಅವರು ಸುಧಾರಿಸಿಕೊಂಡು, ರಾಷ್ಟ್ರಗೀತೆ ಮುಗಿಯುವ ಹೊತ್ತಿಗೆ ಪಟ್ಟಿಗಿಂತ ನಾಲ್ಕು ನಿಮಿಷ ತಡವಾಗಿತ್ತು.

ದೆಹಲಿಯಿಂದ ಜೊತೆಗೆ ಬಂದಿದ್ದ ಅಧಿಕಾರಿಯೊಬ್ಬ ಗಂಗಾಧರಯ್ಯನತ್ತ ಬಂದು, ಗೇಟು ಬೀಳುವುದು ಎಷ್ಟು ಹೊತ್ತಿಗೆ ಎಂದು ಕೇಳಿದ. ಗಂಗಾಧರಯ್ಯ ಹೇಳಿದ. ಅಧಿಕಾರಿ ಪೆನ್ಸಿಲ್ ತೆಗೆದು ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿದ. ಗಂಗಾಧರಯ್ಯ, “ಸಾರ್, ಆ ಹೆಂಗಸರು ಬೆಳಿಗ್ಗೆ ಏಳರಿಂದ ನಿಂತಿದಾರೆ,” ಎಂದ. ಅಧಿಕಾರಿ ಆಗಲೇ ಮೆಟ್ಟಿಲಿಳಿದಿದ್ದ.

ಹದಿನೇಳು ಹೆಂಗಸರು ಚಪ್ಪರದಾಚೆ ಹಗ್ಗ ಕಟ್ಟಿದ ಜಾಗದಲ್ಲಿ ಸಾಲಾಗಿ ನಿಂತಿದ್ದರು. ಹನುಮಂತಮ್ಮ ಎಲ್ಲರಿಗಿಂತ ಮುಂದೆ, ಒಂದು ಕೈಯಲ್ಲಿ ಸೇವಂತಿಗೆ ಹಾರ, ಇನ್ನೊಂದರಲ್ಲಿ ಅರ್ಜಿ. ಕಾರು ಅವರ ಮುಂದೆಯೇ ಹೊರಟಿತು. ಕಿಟಕಿಯಲ್ಲಿ ರಾಷ್ಟ್ರಪತಿಗಳು ಕೈಮುಗಿದರು. ಹನುಮಂತಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಪೇದೆಯೊಬ್ಬ ಲಾಠಿ ಅಡ್ಡ ಹಿಡಿದ. ಧೂಳು ಇಳಿಯುವವರೆಗೂ ಅವಳು ಬಾಯಲ್ಲಿ ಏನನ್ನೋ ಹೇಳಿಕೊಳ್ಳುತ್ತಲೇ ಇದ್ದಳು.

ಮಾರನೆಯ ದಿನವೇ ಜಿಲ್ಲಾಧಿಕಾರಿಗಳು ವರದಿ ಕೇಳಿದರು. ಸಂಜೆ ಮಲ್ಲಿಕಾರ್ಜುನಪ್ಪ ತರೀಕೆರೆಗೆ, ಗಂಗಾಧರಯ್ಯನ ಮನೆಗೇ ಬಂದ. ಗಂಗಾಧರಯ್ಯನ ಹೆಂಡತಿ ಸಾವಿತ್ರಮ್ಮ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟ.

“ಜವರಯ್ಯ ಕುರ್ಚಿ ಇಳಿಸೋವಾಗ ಎತ್ತಾಕ್ದ, ಒಳಗಿನ ಪಟ್ಟಿ ಕಿತ್ತೋಯ್ತು ಅಂತ ಬರೆದ್ಬಿಡು. ಅವನಿಗೇನು, ಬರೋ ವರ್ಷ ರಿಟೈರಾಗೋನು.”

“ಅವನು ಎತ್ತಾಕಿಲ್ಲ ಮಾವ.”

“ಅದನ್ನ ನೋಡ್ದೋರ್ಯಾರು?”

“ನಾನೇ ನೋಡಿದೀನಿ. ಆವತ್ತು ಇಳಿಸೋವಾಗ ಅಲ್ಲೇ ಇದ್ದೆ.”

ಮಲ್ಲಿಕಾರ್ಜುನಪ್ಪ ಅವನನ್ನು ದಿಟ್ಟಿಸಿ ನೋಡಿದ. “ನೆಂಟಸ್ತಿಕೆ ಇಟ್ಕಂಡಿರೋನು ಹೆಂಗೆ ಬರೀಬೇಕೋ ಹಂಗೆ ಬರಿ,” ಎಂದು ಎದ್ದು ಹೋದ.

ಸಾವಿತ್ರಮ್ಮ ಬಾಗಿಲಲ್ಲೇ ನಿಂತಿದ್ದಳು. “ಏನು ಬರೀತೀರಿ?”

“ನಡೆದದ್ದು.”

ಅವಳು ಲೋಟ ತೆಗೆದುಕೊಂಡಳು. “ನಮ್ಮವ್ವ ಸತ್ತಾಗ ನನ್ನ ಸಾಕಿದ್ದು ಈ ಮಾವ. ಬರೀಬೇಡಿ ಅಂತ ನಾನು ಅನ್ನಲ್ಲ. ಆದ್ರೆ ಇನ್ಮೇಲೆ ಆ ಮನೆ ಬಾಗಿಲು ನನಗಿಲ್ಲ. ಅಷ್ಟು ತಿಳ್ಕೊಂಡು ಬರೀರಿ.”

ಗಂಗಾಧರಯ್ಯ ಮರುದಿನ ಕಛೇರಿಯಲ್ಲಿ ಟೈಪ್ ಮಾಡಲು ಕೂತು, ಎರಡು ಹಾಳೆ ಹರಿದ. ಮೂರನೆಯದರಲ್ಲಿ ಹೀಗೆ ಬರೆದ: “ಪೂರ್ವಾಭ್ಯಾಸದ ದಿನ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಿ ನೋಡಲಿಲ್ಲ. ಶ್ರೀ ಜವರಯ್ಯನವರು ಕೂರಬೇಕಾಗಿತ್ತು. ಅವರ ಜಾತಿಯ ಕಾರಣದಿಂದ ಸಮಿತಿಯ ಅಧ್ಯಕ್ಷರು ತಡೆದರು, ನಾನು ಒಪ್ಪಿದೆ. ಕುರ್ಚಿ ಕುಸಿಯುತ್ತದೆಂದು ಅದೇ ದಿನ ಜವರಯ್ಯನವರು ನನಗೆ ತಿಳಿಸಿದ್ದರು. ನಾನು ಉದಾಸೀನ ಮಾಡಿದೆ. ಪಟ್ಟಿಯಲ್ಲಿ ಆ ಜಾಗದಲ್ಲಿರುವ ಸಮಯ ಅಳೆದದ್ದಲ್ಲ, ನಾನು ಊಹಿಸಿ ಬರೆದದ್ದು.” ತಹಸೀಲ್ದಾರರು ಈ ಸಲ ಓದಿದರು. “ಇದನ್ನೇ ಕಳಿಸ್ಬೇಕೇನ್ರೀ?” ಎಂದರು. ಗಂಗಾಧರಯ್ಯ ಹೌದೆಂದ.

ಆ ಭಾನುವಾರ ಅವನು ಬಸ್ಸು ಹತ್ತಿ ಹಿರೇಕಣಿವೆಯ ಕೇರಿಗೆ ಹೋದ. ಜವರಯ್ಯ ಮನೆಯ ಮುಂದೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ವರದಿಯ ವಿಷಯ ಅವನ ಕಿವಿಗೂ ಬಿದ್ದಿತ್ತು.

“ನನ್ನಿಂದ ತಪ್ಪಾಯ್ತು ಜವರಯ್ಯ,” ಎಂದ ಗಂಗಾಧರಯ್ಯ.

ಜವರಯ್ಯ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟ. “ಬುದ್ಧಿ, ಆವತ್ತು ನೀವು ಕೂರಪ್ಪಾ ಅಂತ ಒಂದ್ಮಾತು ಅಂದಿದ್ರೆ, ನಾನೇ ಬ್ಯಾಡ ಅಂತಿದ್ದೆ. ಈ ಊರಲ್ಲಿ ಬಾಳ್ಬೇಕಾದೋನು ನಾನು. ಆದ್ರೆ ನೀವು ಅನ್ಲೇ ಇಲ್ಲ. ಕೂತಂಗೆ ಅಂದ್ಕೊಂಬುಟ್ರಿ.” ಮಂಡಿ ಸವರಿಕೊಳ್ಳುತ್ತಾ, “ಬರೆದಿದ್ದೀರಿ, ಒಳ್ಳೇದಾಯ್ತು. ಇಲ್ದಿದ್ರೆ ನನ್ನ ತಲೆ ಮೇಲೆ ಬರ್ತಿತ್ತು,” ಎಂದ. ಮತ್ತೆ ಎಣ್ಣೆಯ ಬಟ್ಟಲಿಗೆ ಕೈಹಾಕಿದ.

ಹನುಮಂತಮ್ಮ ಒಳಗಿನಿಂದ ಬಂದಳು. ಗಂಗಾಧರಯ್ಯ, ಅರ್ಜಿಯನ್ನು ನಾನೇ ಜಿಲ್ಲಾಧಿಕಾರಿಗಳಿಗೆ ಮುಟ್ಟಿಸುತ್ತೇನೆ, ನೀವೂ ಜೊತೆಗೆ ಬಂದು ನಾಲ್ಕು ಮಾತು ಹೇಳಬೇಕು ಎಂದು ಕೇಳಿಕೊಂಡ.

“ಕಾಗದ ಕೊಡ್ತೀನಿ,” ಎಂದಳು ಅವಳು. “ಮಾತು ಆಗಲ್ಲ ಬುದ್ಧಿ. ಸೊಸೆ ಹೊಟ್ಟೇಲಿ ಹೋದ ಕೂಸಿನ ಮಾತನ್ನ ಎಷ್ಟು ಸಲ ಹೇಳ್ಲಿ? ಮರದ ಕೆಳಗೆ ನಿಂತ್ಕಂಡು ನಾಲ್ಕು ದಿನ ಹೇಳ್ದೆ. ಅವಳು ಒಳಗೆ ಕೂತು ಅಷ್ಟೂ ಸಲ ಕೇಳಿಸ್ಕಂಡ್ಲು.”

ಗಂಗಾಧರಯ್ಯ ಅರ್ಜಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಸೋಮವಾರ ರಜೆ ಹಾಕಿ ಚಿಕ್ಕಮಗಳೂರಿಗೆ ಹೋಗಿ, ಮಧ್ಯಾಹ್ನದವರೆಗೂ ಕಾದು, ಜಿಲ್ಲಾಧಿಕಾರಿಗಳ ಕೈಗೇ ಕೊಟ್ಟ. ಅವರು ಓದಿ, ಬರಿಯ ತಲೆಯಾಡಿಸಿದರು.

ತಿಂಗಳೊಳಗೆ ಅವನಿಗೆ ಕಡೂರಿಗೆ ವರ್ಗವಾಯಿತು. ಬರಬೇಕಾಗಿದ್ದ ಬಡ್ತಿ ನಿಂತಿತು. ಮಲ್ಲಿಕಾರ್ಜುನಪ್ಪನ ಮನೆಯ ಮದುವೆಯ ಕರೆಯೋಲೆ ಊರಿಗೆಲ್ಲ ಹೋಯಿತು, ಸಾವಿತ್ರಮ್ಮನಿಗೆ ಬರಲಿಲ್ಲ. ಮದುವೆಯ ದಿನ ಅವಳು ಅಡುಗೆ ಮಾಡಿದಳು, ಬಡಿಸಿದಳು, ಸಂಜೆಯವರೆಗೂ ಮಾತಾಡಲಿಲ್ಲ. ಗಂಗಾಧರಯ್ಯ ಅವಳ ಜೊತೆ ಕೂತು ಅವರೆಕಾಯಿ ಸುಲಿದ.

ಎರಡು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಜವರಯ್ಯ ಸಿಕ್ಕಿದ. ರಿಟೈರಾಗಿದ್ದ. ಪಿಂಚಣಿಯ ಕಾಗದಕ್ಕೆಂದು ಬಂದಿದ್ದನಂತೆ.

“ಕೇರೀಲಿ ಬೋರು ಹಾಕಿದ್ರು ಬುದ್ಧಿ, ಯುಗಾದಿ ಕಳೆದ ಮೇಲೆ,” ಎಂದ. “ನಿಮ್ಮ ಅರ್ಜಿಯಿಂದಲೋ, ಎಲೆಕ್ಷನ್ ಬಂತು ಅಂತಲೋ, ಯಾರಿಗ್ಗೊತ್ತು. ನೀರು ಸ್ವಲ್ಪ ಸವಳು. ಕುಡೀಬಹುದು.”

“ನಿಮ್ಮಕ್ಕ ಹೆಂಗಿದಾರೆ?”

“ಅವಳು ಹೋದ್ಲು. ಬೋರು ಬರೋಕೆ ಒಂದು ತಿಂಗಳು ಮುಂಚೆ. ಅವಳ ಸೊಸೆಗೆ ಹೆಣ್ಣುಮಗು ಆಗ್ಯದೆ. ಅದೇ ಆಸ್ಪತ್ರೇಲೇ ಆಯ್ತು.”

ಅಜ್ಜಂಪುರದ ಬಸ್ಸು ಬಂತು. ಜನ ನುಗ್ಗಿದರು. ಗಂಗಾಧರಯ್ಯ ಮೊದಲು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಜವರಯ್ಯನನ್ನು ಕೈಹಿಡಿದು ಹತ್ತಿಸಿಕೊಂಡ. “ಬತ್ತೀನಿ ಬುದ್ಧಿ,” ಎಂದ ಜವರಯ್ಯ. ಗಂಗಾಧರಯ್ಯ ಇಳಿದು, ಬಸ್ಸು ಬೀರೂರಿನ ರಸ್ತೆಗೆ ತಿರುಗುವವರೆಗೂ ಬಿಸಿಲಲ್ಲೇ ನಿಂತಿದ್ದು, ಆಮೇಲೆ ಕಛೇರಿಗೆ ನಡೆದ.