ಕ್ಯಾಮೆರಾದ ಮೇಲಿನ ಪ್ಲಾಸ್ಟರ್

ಭಾನುವಾರ ಮಧ್ಯಾಹ್ನ ಮೂರಕ್ಕೆ ತಂಗಿ ಲೆಂಪಿಗೆ ತನ್ನ ಕೈಗಳು ಕಾಣಬೇಕು. ಸೈಮಿಗೆ ಬೇಕಾಗಿದ್ದುದು ಅಷ್ಟೇ.

ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಲೆಂಪಿಯ ಕಿವಿ ಹೋಗಿತ್ತು. ಸಂಜೆ ತಾಯಿ ಒಲೆಯ ಪಕ್ಕ ಕೂತು ಕೀರ್ತನೆ ಹೇಳುತ್ತಿದ್ದರೆ, ಸೈಮಿ ಅದನ್ನು ಸಾಲುಸಾಲಾಗಿ ಕೈಸನ್ನೆಗೆ ಇಳಿಸಿ ತಂಗಿಗೆ ಕೊಡುತ್ತಿದ್ದಳು. ಕೀರ್ತನೆ ಶುರುವಾದ ಮೇಲೆ ಮುಗಿಯುವತನಕ ಯಾರೂ ಬಾಯಿ ಹಾಕಬಾರದು. ಅದು ಆ ಮನೆಯ ಕಟ್ಟಳೆ. ಎಪ್ಪತ್ತು ವರ್ಷ ಕಳೆದರೂ ರೂಢಿ ತಪ್ಪಿರಲಿಲ್ಲ. ಈಗ ಲೆಂಪಿ ದೂರದ ಔಲು ನಗರದ ಆಸ್ಪತ್ರೆಯಲ್ಲಿ, ಯಾರೂ ಮನೆಗೆ ಮರಳದ ವಾರ್ಡಿನಲ್ಲಿದ್ದಳು. ಸೊಂಟ ಸವೆದ ಸೈಮಿ ತಮ್ಮೂರು ಕುಹ್ಮೋದಿಂದ ಎರಡು ಬಸ್ಸು ಬದಲಾಯಿಸಿ ಹೋಗುವಂತಿರಲಿಲ್ಲ. ಭಾನುವಾರಕ್ಕೊಮ್ಮೆ, ಆಸ್ಪತ್ರೆಯವರು ಕೊಡುವ ಹದಿನೈದು ನಿಮಿಷ, ಅಕ್ಕತಂಗಿಯರ ಕೈಗಳು ಪರದೆಯ ಮೇಲೆ ಮಾತಾಡುತ್ತಿದ್ದವು. ಕೊನೆಗೆ ತಾಯಿಯ ಸಂಜೆಯ ಕೀರ್ತನೆ. ಕಳೆದ ವಾರ ಮಾತು ಮುಗಿಯುತ್ತಲೇ, ಇಷ್ಟು ಹಳೆಯ ಲ್ಯಾಪ್‌ಟಾಪಿನಲ್ಲಿ ಆಸ್ಪತ್ರೆಯ ವಿಡಿಯೊ ಕರೆಯ ಪುಟ ಇನ್ನು ತೆರೆಯುವುದಿಲ್ಲ ಎಂಬ ಸೂಚನೆ ಬಂದಿತ್ತು.

ಗುರುವಾರ ಅವಳು ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಚರ್ಚಿನ ಸಭಾಂಗಣಕ್ಕೆ ಹೋದಳು. ಅಲ್ಲಿ ಇಲ್ಮೋ, ದೂರವಾಣಿ ಕೇಂದ್ರದಿಂದ ನಿವೃತ್ತನಾದವನು, ಊರವರ ಹಳೆಯ ಲ್ಯಾಪ್‌ಟಾಪುಗಳಿಗೆಲ್ಲ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಅವು ಮತ್ತೆ ಓಡುವಂತೆ ಮಾಡಿಕೊಡುತ್ತಿದ್ದ.

"ಹುಷಾರು ಸೈಮಿ," ಕಾಫಿ ಬಗ್ಗಿಸುತ್ತಿದ್ದ ಹೆಲ್ವಿ ಕೂಗಿದಳು. "ಬಿಟ್ರೆ ನಿಮ್ಮ ಪಿಂಗಾಣಿ ಕಪ್ಪಿಗೂ ಲಿನಕ್ಸ್ ಹಾಕ್ಬಿಡ್ತಾನೆ."

"ನಿನ್ನ ಕಾಫಿಗೆ ಹಾಕಿದ್ರೂ ರುಚಿ ಬರಲ್ಲ, ಹೋಗು," ಎಂದ ಇಲ್ಮೋ. ಆಮೇಲೆ ಸೈಮಿಯ ಕಡೆ ತಿರುಗಿದ. "ಮೊದ್ಲು ಈ ಪೆನ್‌ಡ್ರೈವಿಂದ್ಲೇ ನಡೆಸಿ ನೋಡೋಣ. ಒಳಗಿರೋ ಒಂದೊಂದು ಭಾಗಾನೂ ಲಿನಕ್ಸನ್ನ ಒಪ್ಕೊಂಡ್ರೆ ಹಾಕೋದು. ಇಲ್ದಿದ್ರೆ ನಿಮ್ದು ಹೆಂಗಿದೆಯೋ ಹಂಗೇ ವಾಪಸ್."

ಮುಂದೆ ಒಂದು ಹಾಳೆ ಇಟ್ಟುಕೊಂಡು ಅವನು ಒಂದೊಂದನ್ನೇ ಗುರುತು ಮಾಡುತ್ತ ಹೋದ. ಪರದೆ, ಕೀಲಿಮಣೆ, ವೈಫೈ. ಸ್ಪೀಕರಿನಲ್ಲಿ ಗಂಟೆ ಬಾರಿಸಿದ. ಮೈಕಿಗೆ "ಹಲೋ ಹಲೋ" ಎಂದು, ತನ್ನ ದನಿಯನ್ನೇ ಕೇಳಿ ತಲೆದೂಗಿದ.

ಕ್ಯಾಮೆರಾದ ಹತ್ತಿರ ಅವನ ಬೆರಳು ತಡೆದು ನಿಂತಿತು. ಅಲ್ಲಿ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಚಿಕ್ಕ ತುಂಡಿತ್ತು. ರಾತ್ರಿಯುಡುಪಿನಲ್ಲಿ ಓಡಾಡುವಾಗ ಆ ಗಾಜಿನ ಕಣ್ಣು ತನ್ನನ್ನು ನೋಡುವುದು ಬೇಡವೆಂದು ಸೈಮಿ ಹಚ್ಚಿದ್ದಳು. ಭಾನುವಾರ ಮಾತ್ರ ಕಿತ್ತಿಡುತ್ತಿದ್ದಳು. ಇಲ್ಮೋ ಆ ತುಂಡನ್ನು ನೋಡಿದ, ಏನೂ ಕೇಳಲಿಲ್ಲ, ಹಾಳೆಯಲ್ಲಿ ಒಂದು ಅಡ್ಡಗೆರೆ ಎಳೆದ. ಅವನ ಲ್ಯಾಪ್‌ಟಾಪಿನ ಮೇಲೂ ಕಪ್ಪು ಟೇಪಿತ್ತು. ಇವನೂ ನನ್ನ ಹಾಗೆಯೇ ಎಂದು ಸೈಮಿಗೆ ಸಮಾಧಾನವಾಯಿತು. ಗೆರೆಯ ಅರ್ಥ ಕೇಳಬೇಕೆನಿಸಿತು. ಆದರೆ ತಿಳಿದವನು ಮಾಡುತ್ತಿರುವ ಕೆಲಸದಲ್ಲಿ ನಡುವೆ ಬಾಯಿ ಹಾಕುವುದು ಹೇಗೆ?

"ಎಲ್ಲಾ ಸರಿಯಿದೆ. ಹಳೇದನ್ನ ಪೂರ್ತಿ ಅಳಿಸ್ತೀನಿ, ಆಮೇಲೆ ಬೇಕೂಂದ್ರೂ ಬರಲ್ಲ. ಅಳಿಸ್ಲಾ?"

"ಭಾನುವಾರಕ್ಕೆ ಆಗ್ಬೇಕು, ಅಷ್ಟೇ," ಎಂದಳು ಸೈಮಿ.

"ಭಾನುವಾರ ಯಾಕೆ? ಕಾಫಿ ಕುಡಿಯೋಷ್ಟ್ರಲ್ಲಿ ಆಗತ್ತೆ."

ಭಾನುವಾರ ಅವಳು ಇಸ್ತ್ರಿ ಮಾಡಿದ ಬಿಳಿ ರವಿಕೆ ತೊಟ್ಟು ಕೂತಳು. ಕಪ್ಪು ಬಣ್ಣದ ಮುಂದೆ ಕೈ ಚೆನ್ನಾಗಿ ಕಾಣುತ್ತದೆಂದು ಮೇಲೆ ಕಪ್ಪು ಶಾಲು ಹೊದ್ದಳು. ಪ್ಲಾಸ್ಟರ್ ಕಿತ್ತಳು. ಪುಟ ತಟ್ಟನೆ ತೆರೆಯಿತು. ದಿಂಬಿಗೊರಗಿದ ಲೆಂಪಿ ಕಂಡಳು, ಹಿಂದಿಗಿಂತ ಸ್ಪಷ್ಟವಾಗಿ. ತನ್ನ ಮುಖ ಕಾಣಬೇಕಾದ ಮೂಲೆ ಮಾತ್ರ ಕಪ್ಪಾಗಿತ್ತು.

"ಸೈಮಿಯವ್ರೇ? ದನಿ ಎಷ್ಟು ಚೆನ್ನಾಗಿ ಕೇಳ್ತಿದೆ!" ಅದು ಹೊಸ ನರ್ಸಿನ ದನಿ. "ಚಿತ್ರ ಮಾತ್ರ ಬರ್ತಾ ಇಲ್ಲ."

ಸೈಮಿ ಗಾಜನ್ನು ಒರೆಸಿದಳು. ಮುಚ್ಚಿ ತೆರೆದಳು. ಕ್ಯಾಮೆರಾದ ಪಕ್ಕದ ದೀಪ ಹತ್ತಲಿಲ್ಲ.

"ಬರೆದು ತೋರಿಸ್ಲಾ?" ನರ್ಸ್ ಕೇಳಿದಳು.

"ಕಣ್ಣು ಮಂಜಾಗಿದೆ, ಅಕ್ಷರ ಕಾಣಲ್ಲಮ್ಮಾ ಅವ್ಳಿಗೆ. ಕೈ ಮಾತ್ರ ಕಾಣೋದು."

ಅಷ್ಟರಲ್ಲಿ ಲೆಂಪಿ ನರ್ಸಿನ ಕಡೆ ತಿರುಗಿ, ಬೆರಳುಗಳಲ್ಲಿ ಕೇಳಿದಳು. ಅಕ್ಕನ ಹೆಸರಿನ ಸನ್ನೆ. ಆಮೇಲೆ, ಸತ್ತಳೇ?

ನರ್ಸ್‌ಗೆ ಸನ್ನೆ ಗೊತ್ತಿರಲಿಲ್ಲ. ರೋಗಿಗೆ ಧೈರ್ಯ ಹೇಳುವಂತೆ ಮುಗುಳ್ನಕ್ಕು, ಹೌದು ಹೌದು ಎಂದು ತಲೆಯಾಡಿಸಿದಳು.

"ಇಲ್ಲ! ಇಲ್ಲ ಅನ್ನಿ! ತಲೆ ಅಡ್ಡ ಆಡ್ಸಿ!" ಸೈಮಿ ಕಿರುಚಿದಳು.

ನರ್ಸ್ ಗಾಬರಿಯಾಗಿ ಅಡ್ಡ ಆಡಿಸಿದಳು. ಲೆಂಪಿ ಆಗಲೇ ಕಣ್ಣು ಮುಚ್ಚಿದ್ದಳು. ಹೊದಿಕೆಯ ಮೇಲಿಂದ ಅವಳ ಕೈಗಳು ಮೆಲ್ಲಗೆ ಎದ್ದವು. ಸಂಜೆಯ ಕೀರ್ತನೆಯ ಮೊದಲ ಸಾಲು. ಅಕ್ಕನಿಗಾಗಿ.

"ತಟ್ಟಿ ಎಬ್ಬಿಸ್ಲಾ?" ನರ್ಸ್ ಪಿಸುಗುಟ್ಟಿದಳು.

ಹೂಂ ಎನ್ನಹೊರಟ ಸೈಮಿಗೆ ಮನೆಯ ಕಟ್ಟಳೆ ಅಡ್ಡ ಬಂತು. ಕೀರ್ತನೆ ಶುರುವಾಗಿತ್ತು.

"ಮುಗೀಲಿ," ಎಂದಳು. "ಮುಗಿದ್ಮೇಲೆ ಹೇಳಿ."

ಕುರುಡು ಕ್ಯಾಮೆರಾದ ಮುಂದೆ ತಾನೂ ಕೈಯೆತ್ತಿ ತಂಗಿಯ ಜೊತೆ ಸಾಲು ಸೇರಿಸಿದಳು. ಲೆಂಪಿಯ ಕೈಗಳು ನಿಧಾನವಾಗಿದ್ದವು. ಎರಡು ಸಾಲು ಉಳಿದಿರುವಾಗ ಹದಿನೈದು ನಿಮಿಷ ತುಂಬಿ ಪರದೆ ಆರಿತು. ಮತ್ತೆ ವಾರ್ಡಿಗೆ ಫೋನು ಮಾಡಿದಾಗ ಲೆಂಪಿ ನಿದ್ದೆ ಹೋಗಿದ್ದಳು. ಎದ್ದಮೇಲೆ ಹೇಗಾದರೂ ತಿಳಿಸುತ್ತೇನೆಂದು ನರ್ಸ್ ಮಾತು ಕೊಟ್ಟಳು. ಲೆಂಪಿ ಏಳಲಿಲ್ಲ. ಬೆಳಗಿನ ಜಾವ ಆಸ್ಪತ್ರೆಯಿಂದ ಕರೆ ಬಂತು.

ಸುದ್ದಿ ಕೇಳಿ ಇಲ್ಮೋ ಸೋಮವಾರವೇ ಬಂದ. ಲ್ಯಾಪ್‌ಟಾಪ್ ತೆರೆದು ಕ್ಯಾಮೆರಾವನ್ನು ಪರೀಕ್ಷಿಸಿದ.

"ಈ ಕ್ಯಾಮೆರಾನ ಲಿನಕ್ಸ್ ಗುರುತಿಸೋದೇ ಇಲ್ಲ. ನೋಡಿದ್ರೆ ಅವತ್ತೇ ಗೊತ್ತಾಗೋದು," ಎಂದ, ತಲೆ ಎತ್ತದೆ. "ಪ್ಲಾಸ್ಟರ್ ನೋಡಿ, ಬಳಸಲ್ಲ ಅಂದ್ಕೊಂಡೆ. ಮುಚ್ಕೊಂಡೋರನ್ನ ಯಾಕೆ ಅಂತ ಕೇಳೋದು ನಮ್ಮಲ್ಲಿಲ್ಲ."

"ನಾನೂ ಹೇಳ್ಲಿಲ್ಲ," ಎಂದಳು ಸೈಮಿ.

ಅವನು ಜೇಬಿನಿಂದ ಒಂದು ಪುಟ್ಟ ಕ್ಯಾಮೆರಾ ತೆಗೆದು ತಂತಿ ಚುಚ್ಚಿದ. ದೀಪ ಹತ್ತಿತು. ಪರದೆಯಲ್ಲಿ ಸೈಮಿ ಕಂಡಳು, ಮಡಿಲಲ್ಲಿ ಎರಡು ಕೈ.

ಅವಳು ಅವನ್ನು ಎತ್ತಿ, ಉಳಿದಿದ್ದ ಎರಡು ಸಾಲು ಹೇಳತೊಡಗಿದಳು. ಇಲ್ಮೋಗೆ ಒಂದೂ ತಿಳಿಯಲಿಲ್ಲ. ಆದರೂ ಮುಗಿಯುವತನಕ ಅವನು ತಂತಿ ಕೀಳಲಿಲ್ಲ.