ಚಿಕ್ಕಂದಿನಲ್ಲೇ ಬಂದು ಹೋದದ್ದು

ಅಣ್ಣನ ಮಗಳಿಗೆ ಚಿಕನ್‌ಪಾಕ್ಸ್ ಬಂದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು.

“ನನ್ನ ಕೈಲಂತೂ ಆಗಲ್ಲ. ನಿಂಗೆ ಚಿಕ್ಕೋಳಿದ್ದಾಗಲೇ ಬಂದು ಹೋಗಿದೆ, ಮತ್ತೆ ಬರಲ್ಲ. ನೀನೇ ನೋಡ್ಕೋ,” ಎಂದಳು ಅಮ್ಮ. ಅಣ್ಣನಿಗೆ ಬಂದೇ ಇರಲಿಲ್ಲವಂತೆ. ಅವನು ಬಸುರಿ ಅತ್ತಿಗೆಯನ್ನು ಕರೆದುಕೊಂಡು ಮಾವನ ಮನೆ ಸೇರಿದ. ನಾನು ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಮಗುವಿನ ಗುಳ್ಳೆಗಳಿಗೆ ಲೋಷನ್ ಹಚ್ಚುತ್ತಾ ಕೂತೆ.

ಮಗು ಎದ್ದು ಓಡಾಡುವ ಹೊತ್ತಿಗೆ ನಾನು ಮಲಗಿದೆ. ನಲವತ್ತರ ಹತ್ತಿರದ ಮೈಗೆ ಅದು ಕರುಣೆ ತೋರಿಸಲಿಲ್ಲ. ಗಂಟಲೊಳಗೂ ಗುಳ್ಳೆ, ರೆಪ್ಪೆಯ ಮೇಲೂ ಗುಳ್ಳೆ. ಸೂಜಿ ಹಿಡಿಯುವ ಬೆರಳುಗಳನ್ನಂತೂ ನೋಡುವ ಹಾಗಿರಲಿಲ್ಲ.

“ಇವರಿಗೆ ಇದು ಮೊದಲನೇ ಸಲ,” ಎಂದು ಹೇಳಿ ಡಾಕ್ಟರು ಹೋದರು.

ಅಮ್ಮ ಬಾಗಿಲಲ್ಲೇ ನಿಂತು ಯೋಚಿಸಿದಳು. “ಅದ್ಹೇಗೆ? ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಗಾಳಿ ಬೀಸಿದ್ದು ಚೆನ್ನಾಗಿ ನೆನಪಿದೆ ಕಣೇ. ಹಾಸಿಗೆಯಿಂದ ಕೆಳಗಿಳಿಯೋಕೂ ಬಿಟ್ಟಿರ್ಲಿಲ್ಲ.” ಆಮೇಲೆ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಅದು ನಿಮ್ಮಣ್ಣ!”

ನನಗೆ ಮೊದಲೇ ಹೊಳೆಯಬೇಕಿತ್ತು. ಈ ಮನೆಯಲ್ಲಿ ನನಗೆ ರಾತ್ರಿಯೆಲ್ಲ ಗಾಳಿ ಬೀಸುವವರು ಯಾರಿದ್ದರು?

“ಹಾಗಾದ್ರೆ ಈಗ ಅವನೇ ಬಂದು ನನ್ನ ನೋಡ್ಕೊಳ್ಲಿ. ಅವನಿಗೇನೂ ಆಗಲ್ವಲ್ಲ,” ಎಂದೆ.

ಅಮ್ಮನ ಮುಖ ಸಣ್ಣದಾಯಿತು.

“ಅವನನ್ನ ಕರೀಬೇಡ ಕಣೇ, ಪಾಪ. ಆಗಲೇ ಎಷ್ಟು ನರಳಿದಾನೋ!”