ಕೋಟಿನ ಬೆನ್ನು

"ಬೆನ್ನಿಗೆ ಯಾಕೇ ಇಸ್ತ್ರಿ ಹಾಕ್ದೆ, ಕತ್ತೆಮುಂಡೇದೆ? ಕರೆಂಟು ಏನ್ ನಿಮ್ಮಪ್ಪಂದಾ?"

ಟೀವಿ ವಾಹಿನಿಯ ಬಟ್ಟೆಕೋಣೆಯ ಮೇಲ್ವಿಚಾರಕ ಕೋಟನ್ನು ಇಸ್ತ್ರಿಯವಳ ಮುಖದ ಮುಂದೆ ಝಾಡಿಸಿದ. "ಕ್ಯಾಮೆರಾಕ್ಕೆ ಕಾಣೋದು ಎದೆ. ಎದೆ ತಿಕ್ಕು, ಸಾಕು."

ಅಂದಿನಿಂದ ಅವಳು ಕಾಲರು, ಎದೆ, ತೋಳಿನ ಮುಂಭಾಗ ಬಿಟ್ಟು ಬೇರೆ ಕಡೆ ಇಸ್ತ್ರಿ ಪೆಟ್ಟಿಗೆ ತಾಗಿಸಲಿಲ್ಲ. ಕೋಟು ಸುದ್ದಿ ಓದುವ ನಿರೂಪಕನ ಮೈಗೆ ಸಡಿಲ. ಹಿಂದಿನಿಂದ ನೆರಿಗೆ ಹಿಡಿದು ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುವುದೂ ಅವಳದೇ ಕೆಲಸ. ಮುಂದಿನಿಂದ ನೋಡಿದರೆ ಮದುವಣಿಗ, ಹಿಂದಿನಿಂದ ನೋಡಿದರೆ ಬಟ್ಟೆ ಹಗ್ಗ.

ಮನೆಯಲ್ಲಿ ಅತ್ತೆ ಬೇರೆ ವಾಹಿನಿ ಹಾಕಗೊಡುತ್ತಿರಲಿಲ್ಲ. ಸುದ್ದಿ ಏನೆಂದು ಕೇಳಿದರೆ ಮುದುಕಿಗೆ ಗೊತ್ತಿಲ್ಲ. "ನಮ್ಮ ಕೋಟು ಬಂತು ಬರ್ರೇ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುವಳು. ಬಟ್ಟೆ ಒಗೆದು ಬಂದ ಹೆಂಗಸರು ಬಾಗಿಲಿಗೆ ಮುತ್ತಿಕೊಂಡು ಕಾಲರಿನ ಗೆರೆ ನೋಡುವರು. ಬೇರೆ ವಾಹಿನಿಯವರೆಂದರೆ ಅತ್ತೆಗೆ ಸವತಿಯನ್ನು ಕಂಡಂತೆ. "ಥೂ, ಅವನ ಕೋಟು ನೋಡು, ಎಮ್ಮೆ ಅಗಿದು ಉಗಿದಂಗಿದೆ!"

ಒಂದು ಸಂಜೆ 'ನಮ್ಮ ಕೋಟು' ಬಾಯಿ ತೆರೆಯಿತು. "ಈ ಓಣಿಯವರು ನೀರುಗಳ್ಳರು! ನಾಳೆ ಬೆಳಿಗ್ಗೆ ಇವರ ನಲ್ಲಿ ಕೀಳುವುದನ್ನು ನೇರಪ್ರಸಾರದಲ್ಲಿ ನೋಡಿ!"

ಪರದೆಯ ಮೇಲೆ ಅವರದೇ ನಲ್ಲಿ. ಓಣಿಯ ಒಗೆತಕ್ಕೂ ಕುಡಿಯುವುದಕ್ಕೂ ಇದ್ದುದು ಅದೊಂದೇ.

"ಆ ಕಾಲರು ನೀನೇ ತಿಕ್ಕಿದ್ದಾ?" ಅತ್ತೆ ಕೇಳಿದಳು.

"ಹೂಂ ಅತ್ತೆ."

"ಪೆಟ್ಟಿಗೆ ಇನ್ನೂ ಸ್ವಲ್ಪ ಕಾಯಿಸಿ, ಅವನು ಹಾಕ್ಕೊಂಡ ಮೇಲೆ ತಿಕ್ಕಬೇಕಿತ್ತು, ನನ್ಮಗಂಗೆ."

ಬೆಳಿಗ್ಗೆ ವಾಹಿನಿಯ ವ್ಯಾನು ಓಣಿಗೆ ಬಂತು. ನಿರೂಪಕನ ಬೆನ್ನಿಗೆ ಕ್ಲಿಪ್ಪು ಹಾಕುತ್ತಾ ಇಸ್ತ್ರಿಯವಳು ಮೆಲ್ಲನೆ ಅಂದಳು: "ಸಾರ್, ಆ ನಲ್ಲಿ ನೀರಿನ ಕಚೇರಿಯವರೇ ಹಾಕ್ಸಿದ್ದು. ಅದನ್ನೂ ಒಂದ್ಮಾತು ಹೇಳಿ."

"ಮಾತು ನಾನು ನೋಡ್ಕೋತೀನಿ. ನೀನು ಬೆನ್ನು ನೋಡ್ಕೊ."

ಅವಳು ಬೆನ್ನು ನೋಡಿದಳು. ಮತ್ತೆರಡು ಕ್ಲಿಪ್ಪು ಸಿಕ್ಕಿಸಿದಳು.

ನಲ್ಲಿ ಕೀಳಲು ಬಂದ ರಿಪೇರಿಯವನು ಸ್ಪಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತ. ನಿರೂಪಕ ಕ್ಯಾಮೆರಾದ ಎದುರು ಗುಡುಗಿದ: "ವೀಕ್ಷಕರೇ, ಕಳ್ಳರ ಓಣಿಯಲ್ಲಿದ್ದೇನೆ!"

"ಅತ್ತೆ," ಅವಳು ಹಿಂದಿನಿಂದ ಕರೆದಳು, "ನಮ್ಮ ಕೋಟಿನ ಬೆನ್ನು ನೀವು ನೋಡೇ ಇಲ್ವಲ್ಲ, ಬನ್ನಿ."

ಅತ್ತೆ ಬಂದಳು. ಹಿಂದೆ ಓಣಿಯೇ ಬಂತು.

"ಅಯ್ಯಯ್ಯೋ, ಇವನೇನೇ, ಆಳಾ ಒಣಹಾಕಿದ ಲಂಗಾನಾ?"

"ಹುಷಾರು ಕಣೇ, ಗಾಳಿ ಬಂದ್ರೆ ಹಾರೋಗ್ತಾನೆ!"

"ಲೇ ಸ್ವಾಮಿ, ಈ ಕಡೆ ತಿರುಗು, ಊರೂ ನೋಡ್ಲಿ!"

"ಬಾಯ್ಮುಚ್ರೇ, ದರಿದ್ರದವರಾ!" ಎಂದು ಬೈಯಲು ನಿರೂಪಕ ತಿರುಗಿಯೇಬಿಟ್ಟ. ಮನೆಮನೆಯ ಟೀವಿಯಲ್ಲೂ ಮುದುರಿದ ಬೆನ್ನು, ಸಾಲುಗಟ್ಟಿದ ಕ್ಲಿಪ್ಪು ಮೂಡಿದವು. ಓಣಿ ಹೋ ಎಂದಿತು. ಅವನು ಗಾಬರಿಯಿಂದ ಇತ್ತ ತಿರುಗಿದ, ಹೆಂಗಸರು ಬೆನ್ನ ಹಿಂದೆ ಓಡಿಬಂದರು. ಅತ್ತ ತಿರುಗಿದ, ಮತ್ತೆ ಬೆನ್ನ ಹಿಂದೆ. ನಿಂತಲ್ಲೇ ಬುಗುರಿಯಾದ. ಕ್ಯಾಮೆರಾದವನ ಹೊಟ್ಟೆ ಕುಣಿದು ಇಡೀ ಓಣಿ ಪರದೆಯ ಮೇಲೆ ಕುಣಿಯತೊಡಗಿತು.

"ಕೀಳೋ ಅದನ್ನ!" ನಿರೂಪಕ ಕಿರುಚಿದ.

ರಿಪೇರಿಯವನು ಒಗೆಯುವ ಕಲ್ಲಿನ ಮೇಲೆ ಕುಸಿದು ಕಣ್ಣೊರೆಸಿಕೊಂಡ. "ಕೀಳ್ತೀನಿ ಸಾರ್... ಈ ಹಾಳು ನಗು ಒಂದು ನಿಲ್ಲಲಿ."

ಅತ್ತೆ ತಟ್ಟನೆ ನಗು ನುಂಗಿದಳು. ಬಕೆಟ್ಟು ನಲ್ಲಿಯ ಕೆಳಗಿಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. "ಅವನ ನಗು ನಿಲ್ಲೋದ್ರೊಳಗೆ ತುಂಬ್ಕೊಳ್ರೇ!"

ಕೊಡ, ಬಿಂದಿಗೆ, ಪಾತ್ರೆಗಳು ಓಡಿಬಂದವು. ರಿಪೇರಿಯವನು ಉಸಿರೆಳೆದುಕೊಂಡು ಸ್ಪಾನರಿಗೆ ಕೈಹಾಕಿದ.

ಇಸ್ತ್ರಿಯವಳು ಅವನ ಕಡೆಗೊಮ್ಮೆ ನೋಡಿ, ಕೋಟಿನ ಬೆನ್ನಿನಿಂದ ಒಂದು ಕ್ಲಿಪ್ಪು ಕಿತ್ತಳು; ಕೋಟು ಜೋಲುಬಿತ್ತು.